ಶೈವಲಗಳೂ ಕೈಗಾರಿಕಾ ರಾಸಾಯನಿಕಗಳೂ: ಒಂದು ಅಳತೆಯ ಇತಿಹಾಸ

ಕೈಗಾರಿಕಾ ರಾಸಾಯನಿಕಗಳನ್ನು ತುಂಬಿದ ಪೀಪಾಯಿಗಳ ಮೇಲೆ ಈಚಿನ ವರ್ಷಗಳಲ್ಲಿ ಒಂದು ಚಿಹ್ನೆ ಕಾಣಬರುವುದನ್ನು ವಾಚಕರು ಗಮನಿಸಿರಬಹುದು. ಕೆಂಪು ಅಂಚಿನ ಚೌಕವೊಂದು ತನ್ನ ಮೂಲೆಯ ಮೇಲೆ ನಿಂತಿದೆ. ಅದರೊಳಗೆ ಎಲೆಯಿಲ್ಲದ ಒಂದು ಮರ, ಮರದ ಬಳಿ ಸತ್ತುಬಿದ್ದ ಒಂದು ಮೀನು. ಈ ಪದಾರ್ಥವು ಜಲಜೀವಿಗಳಿಗೆ ಅಪಾಯಕರವಾದುದು ಎಂಬುದು ಅದರ ಅರ್ಥ. ಈ ಚಿತ್ರದಲ್ಲಿ ಶೈವಲಕ್ಕೆ ಸ್ಥಾನವಿಲ್ಲ. ಆದರೆ ಅನೇಕ ಪದಾರ್ಥಗಳ ವಿಷಯದಲ್ಲಿ ಆ ಚಿಹ್ನೆಯನ್ನು ಅಂಟಿಸಬೇಕೆ ಬೇಡವೆ ಎಂಬುದನ್ನು ನಿರ್ಧರಿಸುವುದು ಮೀನಲ್ಲ, ಮರವಂತೂ ಅಲ್ಲವೇ ಅಲ್ಲ. ಬರಿಗಣ್ಣಿಗೆ ಕಾಣದ, ಒಂದೇ ಜೀವಕೋಶದ ಒಂದು ಹಸಿರು ಶೈವಲವು ಗಾಜಿನ ಪಾತ್ರೆಯೊಳಗೆ ಮೂರು ದಿನಗಳಲ್ಲಿ ಎಷ್ಟು ಬೆಳೆಯಿತು, ಎಷ್ಟು ಬೆಳೆಯದೆ ಹೋಯಿತು ಎಂಬ ಲೆಕ್ಕ.

ಇತಿಹಾಸದ ಅಧ್ಯಾಪಕನೊಬ್ಬನು ಶೈವಲಗಳ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಸಸ್ಯಶಾಸ್ತ್ರದ ಮಿತ್ರರು ಕ್ಷಮಿಸಬೇಕು. ಶಾಸನವೊಂದು ದೊರೆತಾಗ ಅದನ್ನು ಯಾರು ಬರೆಯಿಸಿದರು, ಯಾವ ಉದ್ದೇಶದಿಂದ ಬರೆಯಿಸಿದರು, ಬರೆದುದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳುವುದು ನಮ್ಮ ವೃತ್ತಿ. ಪ್ರಯೋಗಶಾಲೆಯಿಂದ ಹೊರಬಿದ್ದು ಕಾನೂನಿನ ಪುಟವನ್ನು ಸೇರಿದ ಸಂಖ್ಯೆಯೂ ಒಂದು ದಾಖಲೆಯೇ. ಅದಕ್ಕೂ ಅದೇ ಪ್ರಶ್ನೆಗಳನ್ನು ಹಾಕಬಹುದೆಂದು ತೋರಿದುದರಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಶೈವಲವೆಂದರೆ ನಮ್ಮ ಕೆರೆ ಕಲ್ಯಾಣಿಗಳ ಮೆಟ್ಟಿಲುಗಳನ್ನು ಜಾರುವಂತೆ ಮಾಡುವ ಪಾಚಿಯೇ. ಆದರೆ ನೀರಿನಲ್ಲಿ ತೇಲುವ ಏಕಕೋಶದ ಜಾತಿಗಳು ಕಲ್ಲಿಗೆ ಅಂಟುವ ಪಾಚಿಗಿಂತ ಮಹತ್ತ್ವದಲ್ಲಿ ಹೆಚ್ಚಿನವು. ಭೂಮಂಡಲದಲ್ಲಿ ನಡೆಯುವ ದ್ಯುತಿಸಂಶ್ಲೇಷಣೆಯ ಸುಮಾರು ಅರ್ಧ ಭಾಗ ಸಮುದ್ರದ ಇಂತಹ ಸೂಕ್ಷ್ಮಜೀವಿಗಳಿಂದ ಆಗುತ್ತದೆ. ನೀರಿನ ಚಿಕ್ಕ ಕೀಟಗಳು ಇವುಗಳನ್ನು ತಿನ್ನುತ್ತವೆ, ಆ ಕೀಟಗಳನ್ನು ಮೀನು ತಿನ್ನುತ್ತದೆ. ಹೀಗಿದ್ದರೂ ವಿಷವಿಜ್ಞಾನವು ಶೈವಲದ ಕಡೆಗೆ ಹಿತಚಿಂತಕನ ದೃಷ್ಟಿಯಿಂದ ನೋಡಿದುದು ಬಹಳ ತಡವಾಗಿ. ಮೊದಮೊದಲು ಅದು ಕೊಲ್ಲಬೇಕಾದ ಶತ್ರುವಾಗಿಯೇ ಪರಿಗಣಿತವಾಗಿತ್ತು.

ಕಥೆ ಪ್ರಾರಂಭವಾಗುವುದು ತಾಮ್ರದಿಂದ. 1807ರಲ್ಲಿ ಫ್ರಾನ್ಸಿನ ಬೆನೆಡಿಕ್ಟ್ ಪ್ರೆವೋಸ್ತನು ಗೋಧಿಯ ಕಾಡಿಗೆ ರೋಗದ ಬೀಜಾಣುಗಳನ್ನು ಪರೀಕ್ಷಿಸುತ್ತಿದ್ದಾಗ, ತಾಮ್ರದ ಭಟ್ಟಿಯಲ್ಲಿ ಇಳಿಸಿದ ನೀರಿನಲ್ಲಿ ಅವು ಸರಿಯಾಗಿ ಮೊಳೆಯದಿರುವುದನ್ನು ಕಂಡನು. ಅದಕ್ಕಿಂತ ಸೂಕ್ಷ್ಮವಾದ ಅವಲೋಕನೆ ಸ್ವಿಸ್ ಸಸ್ಯಶಾಸ್ತ್ರಜ್ಞನಾದ ಕಾರ್ಲ್ ನೇಗೆಲಿಯದು. ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1893ರಲ್ಲಿ, ಪ್ರಕಟವಾದ ಪ್ರಬಂಧದಲ್ಲಿ ಅದರ ವಿವರಗಳಿವೆ. ತಾಮ್ರದ ನಾಣ್ಯಗಳನ್ನು ಇರಿಸಿದ್ದ ನೀರಿನಲ್ಲಿ ಸ್ಪೈರೋಗೈರಾ ಎಂಬ ಎಳೆಯಾಕಾರದ ಶೈವಲವು ಸಾಯುತ್ತಿತ್ತು. ಆ ನೀರಿನಲ್ಲಿ ಕರಗಿದ್ದ ತಾಮ್ರವಾದರೋ ಅತ್ಯಲ್ಪ. ಈ ಕ್ರಿಯೆಗೆ ಅಲ್ಪಮಾತ್ರೆಯ ಪ್ರಭಾವ ಎಂಬ ಅರ್ಥದ ಗ್ರೀಕ್ ಹೆಸರೊಂದನ್ನು ಅವನು ಕೊಟ್ಟನು. ತಾಮ್ರದ ತಂಬಿಗೆಯಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುವ ಪದ್ಧತಿ ನಮ್ಮ ಮನೆಗಳಲ್ಲಿ ಇರುವುದುಂಟಷ್ಟೆ. ನಮಗೆ ಬಾಧೆಯಿಲ್ಲದ ಆ ನೀರು ಸ್ಪೈರೋಗೈರಾಕ್ಕೆ ಮೃತ್ಯುವಾಗಬಲ್ಲದು.

ನೇಗೆಲಿಯು ಕಂಡ ಇನ್ನೆರಡು ಸಂಗತಿಗಳನ್ನು ಇಲ್ಲಿಯೇ ಹೇಳಿಡಬೇಕು, ಏಕೆಂದರೆ ಇವು ಮುಂದೆ ಮತ್ತೆ ಬರುತ್ತವೆ. ನಾಣ್ಯಗಳನ್ನು ತೆಗೆದು, ನೀರನ್ನು ಚೆಲ್ಲಿ, ಹೊಸ ನೀರನ್ನು ತುಂಬಿದರೂ ಅದೇ ಗಾಜಿನ ಪಾತ್ರೆಯಲ್ಲಿ ಶೈವಲವು ಸಾಯುತ್ತಿತ್ತು. ಅರ್ಥಾತ್ ವಿಷವು ಪಾತ್ರೆಯ ಗೋಡೆಗೆ ಅಂಟಿಕೊಂಡು ಉಳಿದಿತ್ತು. ಎರಡನೆಯದಾಗಿ, ವಿಷಯುಕ್ತವಾದ ನೀರಿಗೆ ಗಂಧಕದ ಪುಡಿಯನ್ನೋ ಸೋಸುಕಾಗದದ ಚೂರುಗಳನ್ನೋ ಹಾಕಿದರೆ ವಿಷದ ಶಕ್ತಿ ಕುಂದುತ್ತಿತ್ತು. ನೀರಿನಲ್ಲಿ ಎಷ್ಟು ವಿಷವನ್ನು ಹಾಕಿದೆವು ಎಂಬುದೇ ಬೇರೆ, ಜೀವಕೋಶಕ್ಕೆ ಎಷ್ಟು ವಿಷ ತಾಗಿತು ಎಂಬುದೇ ಬೇರೆ ಎಂಬ ತತ್ತ್ವ ಹೀಗೆ ಅಂದೇ ಗೋಚರವಾಗಿತ್ತು.

ಈ ಜ್ಞಾನವನ್ನು ಕೂಡಲೇ ಬಳಸಿಕೊಂಡವರು ಶೈವಲವನ್ನು ನಾಶಪಡಿಸಲು ಬಯಸಿದವರು. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಜಾರ್ಜ್ ಮೂರ್ ಮತ್ತು ಕಾರ್ಲ್ ಕೆಲ್ಲರ್‌ಮನ್ ಎಂಬಿಬ್ಬರು, ಕುಡಿಯುವ ನೀರಿನ ಜಲಾಶಯಗಳಲ್ಲಿ ದುರ್ವಾಸನೆಯನ್ನುಂಟುಮಾಡುವ ಶೈವಲಗಳನ್ನು ತಾಮ್ರದ ಸಲ್ಫೇಟಿನಿಂದ, ಎಂದರೆ ನಮ್ಮ ಮೈಲುತುತ್ತದಿಂದ, ಕೊಲ್ಲುವ ವಿಧಾನವನ್ನು ಪ್ರಕಟಿಸಿದರು. ಗೋಣಿಚೀಲದಲ್ಲಿ ಮೈಲುತುತ್ತವನ್ನು ಕಟ್ಟಿ, ಅದನ್ನು ದೋಣಿಯ ಹಿಂದೆ ನೀರಿನಲ್ಲಿ ಎಳೆದುಕೊಂಡು ಹೋಗುವುದು ಆ ವಿಧಾನ. ಯಾವ ಜಾತಿಯ ಶೈವಲಕ್ಕೆ ಎಷ್ಟು ಪ್ರಮಾಣದ ತಾಮ್ರ ಬೇಕು ಎಂಬುದನ್ನು ಅವರು ಬೇರೆಬೇರೆಯಾಗಿ ಪರೀಕ್ಷಿಸಿದ್ದರು. ಎಲ್ಲ ಶೈವಲಗಳೂ ಒಂದೇ ವಿಷಕ್ಕೆ ಒಂದೇ ಬಗೆಯಾಗಿ ಮಣಿಯುವುದಿಲ್ಲ ಎಂಬ ಮುಖ್ಯ ಸಂಗತಿ ಅಲ್ಲಿ ಸ್ಪಷ್ಟವಾಗಿತ್ತು. ಇದೇ ಕಾಲಕ್ಕೆ ಮೈಲುತುತ್ತ ಮಲೆನಾಡನ್ನೂ ಪ್ರವೇಶಿಸಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಅವರು ಅಡಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮಿಶ್ರಣವನ್ನು ಗೊನೆಗಳಿಗೆ ಸಿಂಪಡಿಸುವಂತೆ ಬೋಧಿಸಿದರು. ಕೊಳೆರೋಗದ ಜೀವಿಯನ್ನು ಆಗ ಶಿಲೀಂಧ್ರವೆಂದೇ ಎಣಿಸಲಾಗಿತ್ತು. ಅದು ಶಿಲೀಂಧ್ರಗಳಿಗಿಂತ ಡಯಾಟಮ್ ಮತ್ತು ಕಂದು ಶೈವಲಗಳಿಗೆ ಹತ್ತಿರದ ಬಂಧುವೆಂಬುದು ಇಂದಿನ ನಿರ್ಣಯ. ನಮ್ಮ ಅಡಕೆ ತೋಟದವರು ಹೆಸರು ತಿಳಿಯದೆಯೇ ಶೈವಲದ ದಾಯಾದಿಗಳೊಡನೆ ಹೋರಾಡುತ್ತ ಬಂದಿದ್ದಾರೆ ಎನ್ನಬಹುದು.

ಕೊಲ್ಲುವುದಕ್ಕೆ ಒರಟು ಅಳತೆ ಸಾಕು, ರಕ್ಷಿಸುವುದಕ್ಕೆ ಸಾಲದು. ನಿಷ್ಕೃಷ್ಟವಾಗಿ ಅಳೆಯಬೇಕಾದರೆ ಬೇರೆ ಜೀವಿಗಳ ಬೆರಕೆಯಿಲ್ಲದ ಒಂದೇ ಜಾತಿಯ ಶೈವಲ ಕೈಯಲ್ಲಿರಬೇಕು. ಹಾಲೆಂಡಿನ ಬೈಯರಿಂಕನು 1890ರಲ್ಲಿ ಕ್ಲೋರೆಲ್ಲಾವನ್ನು ಶುದ್ಧವಾಗಿ ಪ್ರತ್ಯೇಕಿಸಿ ಬೆಳೆಸಿದುದರಿಂದ ಆ ಸಾಧನ ದೊರೆತಿತ್ತು. ಆದರೆ ಸಾಧನ ದೊರೆತ ಮೇಲೆಯೂ ಬಹುಕಾಲ ಅದನ್ನು ಹೆಚ್ಚಾಗಿ ಬಳಸಿದವರು ದ್ಯುತಿಸಂಶ್ಲೇಷಣೆಯ ರಹಸ್ಯವನ್ನು ಅರಸಿದವರೇ ಹೊರತು ವಿಷವನ್ನು ಅಳೆದವರಲ್ಲ.

ಮುಂದಿನ ಹೆಜ್ಜೆ ವಿಚಿತ್ರವಾದ ದಿಕ್ಕಿನಿಂದ ಬಂದಿತು. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಬಟ್ಟೆ ಒಗೆಯುವ ಕೃತಕ ಮಾರ್ಜಕಗಳ ಬಳಕೆ ಹೆಚ್ಚಿತು. ಅವುಗಳಲ್ಲಿದ್ದ ಫಾಸ್ಫೇಟು ಚರಂಡಿಗಳ ಮೂಲಕ ಸರೋವರಗಳನ್ನು ಸೇರಿತು. ಈರೀ ಸರೋವರದಲ್ಲಿ 1960ರ ದಶಕದಲ್ಲಿ ಶೈವಲಗಳು ಮಿತಿಮೀರಿ ಬೆಳೆದು, ಕೊಳೆತು, ನೀರಿನ ಆಮ್ಲಜನಕವನ್ನೇ ಹೀರಿಹಾಕಿದವು. ದೋಷವು ಫಾಸ್ಫೇಟಿನದೋ, ಬೇರೆ ಪೋಷಕದ್ರವ್ಯದ್ದೋ ಎಂಬುದು ದೊಡ್ಡ ವಿವಾದವಾಯಿತು. ಆ ವಿವಾದದ ತೀರ್ಮಾನಕ್ಕೆ ಯಾವ ನೀರು ಶೈವಲವನ್ನು ಎಷ್ಟು ಬೆಳೆಸುತ್ತದೆಂಬುದನ್ನು ಎಲ್ಲ ಪ್ರಯೋಗಶಾಲೆಗಳೂ ಒಂದೇ ರೀತಿಯಲ್ಲಿ ಅಳೆಯುವುದು ಆವಶ್ಯಕವಾಗಿತ್ತು. ಸರ್ಕಾರವೂ ಉದ್ಯಮವೂ ಕೂಡಿ ರಚಿಸಿದ ಕಾರ್ಯತಂಡವೊಂದು 1969ರಲ್ಲಿ ಅಂತಹ ತಾತ್ಕಾಲಿಕ ವಿಧಾನವನ್ನು ಪ್ರಕಟಿಸಿತು. 1971ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಅದನ್ನು ಪರಿಷ್ಕರಿಸಿ ಸೀಸೆಯ ಪರೀಕ್ಷೆ ಎಂಬ ಹೆಸರಿನಿಂದ ಹೊರತಂದಿತು.

ಆ ಪರೀಕ್ಷೆಗೆ ಆಯ್ದುಕೊಂಡ ಶೈವಲ ಅಮೆರಿಕದ್ದಲ್ಲ. ನಾರ್ವೆಯ ವಿಜ್ಞಾನಿ ಓಲಾವ್ ಸ್ಕುಲ್‌ಬರ್ಗ್ ಅವರು 1959ರಲ್ಲಿ ನಿಟೆಲ್ವಾ ಎಂಬ ನದಿಯಿಂದ ಪ್ರತ್ಯೇಕಿಸಿದ, ಬಿದಿಗೆ ಚಂದ್ರನಂತೆ ಬಾಗಿದ ಆಕಾರದ ಒಂದು ಹಸಿರು ಜೀವಕೋಶ ಅದು. ಸೆಲೆನಾಸ್ಟ್ರಮ್ ಕ್ಯಾಪ್ರಿಕಾರ್ನುಟಮ್ ಎಂಬುದು ಆಗಿನ ಹೆಸರು. ಬಳಿಕ ಸ್ಯೂಡೋಕರ್ಕ್‌ನರಿಯೆಲ್ಲಾ ಸಬ್‌ಕ್ಯಾಪಿಟಾಟಾ ಎಂದೂ, ಈಗ ರಾಫಿಡೋಸೆಲಿಸ್ ಸಬ್‌ಕ್ಯಾಪಿಟಾಟಾ ಎಂದೂ ವರ್ಗೀಕರಣಕಾರರು ಅದನ್ನು ಕರೆದಿದ್ದಾರೆ. ಹಳೆಯ ವರದಿಗಳನ್ನು ಓದುವ ವಿದ್ಯಾರ್ಥಿಗಳು ಈ ಮೂರು ಹೆಸರುಗಳೂ ಒಂದೇ ಜೀವಿಯವೆಂಬುದನ್ನು ನೆನಪಿನಲ್ಲಿಡಬೇಕು. ಇಲ್ಲವಾದರೆ ಒಬ್ಬ ಅರಸನ ಮೂರು ಬಿರುದುಗಳಿಂದ ಮೂವರು ಅರಸರನ್ನು ಕಲ್ಪಿಸಿದಂತಾದೀತು. ಅದನ್ನು ಆಯ್ದುಕೊಂಡುದಕ್ಕೆ ಕಾರಣ ಅದು ಲೋಕದ ಶೈವಲಗಳ ಪ್ರತಿನಿಧಿಯೆಂಬುದಲ್ಲ. ಅದು ಬೇಗ ಬೆಳೆಯುತ್ತದೆ, ಗುಂಪುಗಟ್ಟದೆ ಬಿಡಿಬಿಡಿಯಾಗಿ ತೇಲುತ್ತದೆ, ಆದಕಾರಣ ಎಣಿಸುವುದು ಸುಲಭ.

ಹೀಗೆ ಶೈವಲವನ್ನು ಬೆಳೆಸುವ ಪದಾರ್ಥಗಳನ್ನು ಅಳೆಯಲು ಹುಟ್ಟಿದ ಸೀಸೆಯೇ, ಅದನ್ನು ಬೆಳೆಯಗೊಡದ ಪದಾರ್ಥಗಳನ್ನು ಅಳೆಯುವ ಸೀಸೆಯಾಯಿತು. ಅಮೆರಿಕದಲ್ಲಿ 1976ರಲ್ಲಿ ವಿಷವಸ್ತುಗಳ ನಿಯಂತ್ರಣಕ್ಕಾಗಿ ಅಧಿನಿಯಮವೊಂದು ಬಂದಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ ಸದಸ್ಯ ರಾಷ್ಟ್ರಗಳು, ಒಂದು ದೇಶದಲ್ಲಿ ನಡೆದ ಪರೀಕ್ಷೆಯನ್ನು ಇನ್ನೊಂದು ದೇಶವು ಒಪ್ಪಿಕೊಳ್ಳಬೇಕೆಂದು 1981ರಲ್ಲಿ ಗೊತ್ತುಪಡಿಸಿದವು. ಆ ಸಂಸ್ಥೆಯ ಪರೀಕ್ಷಾಸೂತ್ರಗಳಲ್ಲಿ 201ನೆಯದು ಶೈವಲದ ಪರೀಕ್ಷೆ. ಅದರ 1984ರ ರೂಪವು ಬಹುಕಾಲ ಬಳಕೆಯಲ್ಲಿದ್ದು, 2006ರಲ್ಲಿ ಪರಿಷ್ಕೃತವಾಯಿತು.

ಪರೀಕ್ಷೆಯ ಕ್ರಮ ಹೀಗಿದೆ. ಗೊತ್ತಾದ ಲವಣಗಳುಳ್ಳ ಪೋಷಕ ದ್ರಾವಣವನ್ನು ಗಾಜಿನ ಪಾತ್ರೆಗಳಲ್ಲಿ ತುಂಬಿ, ಪ್ರತಿಯೊಂದು ಮಿಲಿಲೀಟರಿಗೆ ಐದರಿಂದ ಹತ್ತು ಸಾವಿರ ಜೀವಕೋಶಗಳಂತೆ ಶೈವಲವನ್ನು ಬಿಡುತ್ತಾರೆ. ಕೆಲವು ಪಾತ್ರೆಗಳಲ್ಲಿ ರಾಸಾಯನಿಕವಿರುವುದಿಲ್ಲ, ಇವು ತುಲನೆಗಾಗಿ. ಉಳಿದವುಗಳಲ್ಲಿ ಕನಿಷ್ಠ ಐದು ಸಾಂದ್ರತೆಗಳಲ್ಲಿ, ಗುಣೋತ್ತರ ಶ್ರೇಣಿಯಂತೆ ಏರುವ ಪ್ರಮಾಣದಲ್ಲಿ, ಪರೀಕ್ಷ್ಯ ಪದಾರ್ಥವನ್ನು ಸೇರಿಸಲಾಗುತ್ತದೆ. ಸಾಂದ್ರತೆಯೊಂದಕ್ಕೆ ಮೂರು ಪಾತ್ರೆಗಳು. ಉಷ್ಣತೆ 21ರಿಂದ 24 ಡಿಗ್ರಿ ಸೆಲ್ಸಿಯಸ್, ಎಡೆಬಿಡದ ಬೆಳಕು, ಎಡೆಬಿಡದ ಕುಲುಕಾಟ, ಒಟ್ಟು ಎಪ್ಪತ್ತೆರಡು ಗಂಟೆಗಳ ಕಾಲ. ದಿನಕ್ಕೊಮ್ಮೆ ಜೀವಕೋಶಗಳನ್ನು ಎಣಿಸುತ್ತಾರೆ. ವಿಷವಿಲ್ಲದ ಪಾತ್ರೆಗಳಲ್ಲಿ ಶೈವಲವು ಮೂರು ದಿನಗಳಲ್ಲಿ ಕನಿಷ್ಠ ಹದಿನಾರು ಪಟ್ಟು ಹೆಚ್ಚದಿದ್ದರೆ ಆ ಪರೀಕ್ಷೆಯೇ ಅಸಿಂಧು. ಕೊನೆಗೆ, ಬೆಳೆವಣಿಗೆಯನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ ಎಷ್ಟೆಂದು ಲೆಕ್ಕಹಾಕುತ್ತಾರೆ. ಇದನ್ನು ಅರ್ಧಪರಿಣಾಮದ ಸಾಂದ್ರತೆಯೆಂದು ಕರೆಯಬಹುದು. ಈ ಸಂಖ್ಯೆ ಚಿಕ್ಕದಾದಷ್ಟೂ ವಿಷವು ಉಗ್ರವೆಂದು ತಿಳಿಯಬೇಕು.

ಇಲ್ಲಿ ಎಲ್ಲವೂ ಸರಳವಾಗಿ ತೋರುತ್ತದೆ. ಆದರೆ ಬೆಳೆವಣಿಗೆಯ ಅರ್ಧವೆಂದರೆ ಏನು? ಈ ಒಂದು ಪದದ ಮೇಲೆ ವಿಜ್ಞಾನಿಗಳು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ವಾದಿಸಿದ್ದಾರೆ. ವಾದವು ಕೇವಲ ಶಬ್ದದ್ದಲ್ಲವೆಂಬುದು ಒಂದು ಲೆಕ್ಕದಿಂದ ವಿಶದವಾಗುತ್ತದೆ.

ವಿಷವಿಲ್ಲದ ಪಾತ್ರೆಯಲ್ಲಿ ಶೈವಲವು ದಿನಕ್ಕೆರಡು ಸಲ ಇಮ್ಮಡಿಸುತ್ತದೆ ಎಂದಿಟ್ಟುಕೊಳ್ಳೋಣ. ಮೂರು ದಿನಗಳಲ್ಲಿ ಆರು ಇಮ್ಮಡಿಗಳು. 10,000 ಜೀವಕೋಶಗಳು 6,40,000 ಆಗುತ್ತವೆ. ವಿಷವು ಇಮ್ಮಡಿಸುವ ವೇಗವನ್ನು ಸರಿಯಾಗಿ ಅರ್ಧಕ್ಕಿಳಿಸಿದರೆ ಮೂರೇ ಇಮ್ಮಡಿಗಳಾಗಿ 80,000 ಜೀವಕೋಶಗಳು ದೊರೆಯುತ್ತವೆ. ವೃದ್ಧಿದರದ ದೃಷ್ಟಿಯಿಂದ ಇದು ನೂರಕ್ಕೆ ಐವತ್ತರ ಹಾನಿ. ಆದರೆ ಹೊಸದಾಗಿ ಹುಟ್ಟಿದ ಜೀವಕೋಶಗಳನ್ನು, ಎಂದರೆ ಇಳುವರಿಯನ್ನು, ಲೆಕ್ಕಕ್ಕೆ ಹಿಡಿದರೆ 6,30,000 ಇರಬೇಕಾದಲ್ಲಿ 70,000 ಮಾತ್ರ ಇವೆ; ಹಾನಿ ನೂರಕ್ಕೆ ಸುಮಾರು 89. ತಿರುಗಿಸಿ ನೋಡಿದರೆ, ಇಳುವರಿಯನ್ನು ಅರ್ಧಕ್ಕಿಳಿಸಲು ವೃದ್ಧಿದರವನ್ನು ನೂರಕ್ಕೆ ಸುಮಾರು 16ರಷ್ಟು ಕುಂದಿಸಿದರೆ ಸಾಕು. ಅದೇ ಪಾತ್ರೆ, ಅದೇ ಶೈವಲ, ಅದೇ ಎಣಿಕೆ. ಆದರೂ ವಿಷದ ಉಗ್ರತೆಯನ್ನು ಸೂಚಿಸುವ ಸಂಖ್ಯೆಗಳು ಎರಡು, ಮತ್ತು ಇಳುವರಿಯಿಂದ ಬಂದುದು ಯಾವಾಗಲೂ ಚಿಕ್ಕದು.

ಡೆನ್ಮಾರ್ಕಿನ ನೀಲ್ಸ್ ನ್ಯೂಹೋಲ್ಮ್ ಅವರು 1985ರಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡು ವೃದ್ಧಿದರವೇ ಸರಿಯಾದ ಅಳತೆಯೆಂದು ವಾದಿಸಿದರು. ಇದರ ತಾತ್ಪರ್ಯ ಮೇಲಿನ ಉದಾಹರಣೆಯಿಂದಲೇ ತಿಳಿಯುತ್ತದೆ. ವೃದ್ಧಿದರವನ್ನು ನೂರಕ್ಕೆ 16ರಷ್ಟು ಕುಂದಿಸುವ ವಿಷವನ್ನೇ ತೆಗೆದುಕೊಳ್ಳಿ. ಇಳುವರಿಯಲ್ಲಿ ಅದರ ಹಾನಿ ಮೊದಲನೆಯ ದಿನದ ಕೊನೆಗೆ ನೂರಕ್ಕೆ ಸುಮಾರು 27, ಮೂರನೆಯ ದಿನಕ್ಕೆ 50, ನಾಲ್ಕನೆಯ ದಿನದವರೆಗೂ ಬಿಟ್ಟರೆ 60. ವಿಷ ಬದಲಾಗಿಲ್ಲ, ಜೀವಿಯ ಮೇಲೆ ಅದರ ಹಿಡಿತವೂ ಬದಲಾಗಿಲ್ಲ; ಬದಲಾದುದು ಗಡಿಯಾರ ಮಾತ್ರ. ಪರೀಕ್ಷಕನು ಎಂದು ಎಣಿಸಲು ಬಂದನೆಂಬುದರಿಂದ ಪದಾರ್ಥದ ಗುಣವನ್ನು ಹೇಳುವುದು ಯುಕ್ತವಲ್ಲ. ಎದುರು ಪಕ್ಷದವರ ಮಾತಿನಲ್ಲಿಯೂ ಸತ್ತ್ವವಿಲ್ಲದೆ ಇಲ್ಲ: ಮೀನಿನ ಮರಿಗೆ ಬೇಕಾದುದು ವೃದ್ಧಿದರವಲ್ಲ, ತಿನ್ನಲು ಸಿಗುವ ಆಹಾರದ ಮೊತ್ತ, ಅಲ್ಲದೆ ಚಿಕ್ಕ ಸಂಖ್ಯೆಯನ್ನು ಹಿಡಿದರೆ ರಕ್ಷಣೆ ಹೆಚ್ಚು. ಪ್ರಸ್ತುತ ಲೇಖಕನ ಮನಸ್ಸು ನ್ಯೂಹೋಲ್ಮ್ ಅವರ ಕಡೆಗೇ ಒಲಿಯುತ್ತದೆ. ರಕ್ಷಣೆ ಹೆಚ್ಚಾಗಬೇಕಾದರೆ ಕಾನೂನಿನ ಮಿತಿಯನ್ನು ಬಹಿರಂಗವಾಗಿ ಬಿಗಿಗೊಳಿಸಬಹುದು. ಅಳತೆಗೋಲಿನೊಳಗೆ ಅದನ್ನು ಅಡಗಿಸಬೇಕಾದುದಿಲ್ಲ. 2006ರ ಪರಿಷ್ಕರಣದಲ್ಲಿ ವೃದ್ಧಿದರಕ್ಕೆ ಪ್ರಾಧಾನ್ಯ ದೊರೆಯಿತು. ಕೆಲವು ದೇಶಗಳ ಕಾನೂನುಗಳು ಬೇಡುತ್ತವೆಂಬ ಕಾರಣದಿಂದ ಇಳುವರಿಯನ್ನೂ ಉಳಿಸಿಕೊಳ್ಳಲಾಯಿತು.

ಇದರ ಫಲ ನೇರವಾಗಿ ಪೀಪಾಯಿಯ ಮೇಲೆ ಕಾಣುತ್ತದೆ. ವಿಶ್ವಸಂಸ್ಥೆಯ ವರ್ಗೀಕರಣ ಪದ್ಧತಿಯಲ್ಲಿ ಅರ್ಧಪರಿಣಾಮದ ಸಾಂದ್ರತೆಯು ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ತೀವ್ರವಿಷತ್ವದ ಮೊದಲನೆಯ ವರ್ಗ. 1ರಿಂದ 10ರವರೆಗೆ ಎರಡನೆಯದು. 10ರಿಂದ 100ರವರೆಗೆ ಮೂರನೆಯದು. ಒಂದು ಪದಾರ್ಥಕ್ಕೆ ವೃದ್ಧಿದರದಿಂದ 2 ಎಂದೂ ಇಳುವರಿಯಿಂದ 0.8 ಎಂದೂ ಬಂದಿತೆನ್ನೋಣ. ಒಂದು ಲೆಕ್ಕದಂತೆ ಅದು ಎರಡನೆಯ ವರ್ಗ, ಮತ್ತೊಂದರಂತೆ ಮೊದಲನೆಯದು. ತೀವ್ರವಿಷತ್ವದ ದೃಷ್ಟಿಯಿಂದ ಸತ್ತ ಮೀನಿನ ಚಿಹ್ನೆ ಮೊದಲನೆಯ ವರ್ಗಕ್ಕೆ ಮಾತ್ರ ಉಂಟು. ಆ ಪದ್ಧತಿಯು ವೃದ್ಧಿದರದ ಸಂಖ್ಯೆಯನ್ನೇ ಬಯಸುತ್ತದೆಯಾದರೂ, ಹಳೆಯ ವರದಿಗಳಲ್ಲಿ ಯಾವ ಸಂಖ್ಯೆ ಯಾವ ಲೆಕ್ಕದಿಂದ ಬಂದಿತೆಂದು ಹೇಳದೆ ಬಿಟ್ಟಿರುವುದು ಅಪರೂಪವಲ್ಲ. ತೇದಿಯಿಲ್ಲದ ಶಾಸನದ ಪರಿಸ್ಥಿತಿಯೇ ಅವುಗಳದೂ.

ಇನ್ನು ನೇಗೆಲಿಯ ಪಾತ್ರೆಗೆ ಹಿಂದಿರುಗೋಣ. ಶೈವಲಕ್ಕೆ ಕಬ್ಬಿಣ ಬೇಕು. ಕಬ್ಬಿಣವು ನೀರಿನಲ್ಲಿ ಕರಗಿದಂತೆಯೇ ಉಳಿಯಲೆಂದು ಪೋಷಕ ದ್ರಾವಣಕ್ಕೆ ಇ.ಡಿ.ಟಿ.ಎ. ಎಂಬ ವಸ್ತುವನ್ನು ಬೆರೆಸುತ್ತಾರೆ. ಅದು ಕಬ್ಬಿಣವನ್ನಷ್ಟೇ ಅಲ್ಲ, ತಾಮ್ರ ಸತುಗಳನ್ನೂ ಹಿಡಿದಿಡುತ್ತದೆ. ಹೀಗಾಗಿ ಲೋಹಗಳ ವಿಷತ್ವವು ಪರೀಕ್ಷೆಯಲ್ಲಿ ಇರುವುದಕ್ಕಿಂತ ಕಡಿಮೆಯಾಗಿ ಕಾಣಬಹುದು. ನೇಗೆಲಿಯ ಗಂಧಕದ ಪುಡಿ ಮಾಡಿದ ಕೆಲಸವನ್ನೇ ಇದೂ ಮಾಡುತ್ತದೆ. ನೀರಿನಲ್ಲಿ ಕರಗದ ಪದಾರ್ಥಗಳದು ಬೇರೊಂದು ತೊಡಕು. ಚಾರ್ಲ್ಸ್ ವುರ್ಸ್ಟರ್ ಅವರು 1968ರಲ್ಲಿ ಡಿ.ಡಿ.ಟಿ.ಯು ಸಮುದ್ರದ ಸೂಕ್ಷ್ಮ ಶೈವಲಗಳ ದ್ಯುತಿಸಂಶ್ಲೇಷಣೆಯನ್ನು ಕುಗ್ಗಿಸುತ್ತದೆಂದು ತೋರಿಸಿದಾಗ ಜನರಲ್ಲಿ ಬಹಳ ಆತಂಕವುಂಟಾಯಿತು. ಆದರೆ ಡಿ.ಡಿ.ಟಿ. ನೀರಿನಲ್ಲಿ ಕರಗುವುದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ. ಅದಕ್ಕಿಂತ ಹೆಚ್ಚು ಹಾಕಿದುದು ಗಾಜಿಗೂ ಜೀವಕೋಶಗಳಿಗೂ ಅಂಟುತ್ತದೆ. ಹಾಕಿದ ಪ್ರಮಾಣವನ್ನೇ ತಾಗಿದ ಪ್ರಮಾಣವೆಂದು ಬರೆಯುವಂತಿಲ್ಲ. ಇಂತಹ ಪದಾರ್ಥಗಳ ವಿಷಯದಲ್ಲಿ ನೀರಿನಲ್ಲಿರುವ ಸಾಂದ್ರತೆಯನ್ನು ಪರೀಕ್ಷೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ವಿಶ್ಲೇಷಣೆಯಿಂದ ತಿಳಿಯಬೇಕಾಗುತ್ತದೆ. ಬಟ್ಟೆಯ ಬಣ್ಣಗಳದು ಮತ್ತೂ ವಿಲಕ್ಷಣ: ಬಣ್ಣವು ಬೆಳಕನ್ನು ತಡೆದುದರಿಂದ ಶೈವಲ ಬೆಳೆಯದೆ ಹೋಯಿತೋ, ವಿಷದಿಂದಲೋ ಎಂಬುದನ್ನು ಪ್ರತ್ಯೇಕಿಸಿ ನೋಡದಿದ್ದರೆ ನೆರಳನ್ನೇ ವಿಷವೆಂದು ದಾಖಲಿಸಿದಂತಾಗುತ್ತದೆ.

ಇಷ್ಟು ದೋಷಗಳಿರುವ ಪರೀಕ್ಷೆ ಬೇಕೆ ಎಂದು ಕೇಳುವವರಿಗೆ ಡೈಯುರಾನ್ ಎಂಬ ಕಳೆನಾಶಕದ ಉದಾಹರಣೆ ಸಾಕು. ದ್ಯುತಿಸಂಶ್ಲೇಷಣೆಯಲ್ಲಿ ಬೆಳಕಿನಿಂದ ಪ್ರಚೋದಿತವಾದ ಇಲೆಕ್ಟ್ರಾನುಗಳು ಸಾಗುವ ಹಾದಿಯೊಂದುಂಟು. ಡೈಯುರಾನ್ ಆ ಹಾದಿಯನ್ನು ಒಂದು ಸ್ಥಳದಲ್ಲಿ ಮುಚ್ಚಿಬಿಡುತ್ತದೆ. ಮೀನಿನಲ್ಲಿ ಆ ಹಾದಿಯೇ ಇಲ್ಲ. ಆದುದರಿಂದ ಮೀನನ್ನು ಕೊಲ್ಲಲು ಲೀಟರಿಗೆ ಮಿಲಿಗ್ರಾಂಗಳ ಲೆಕ್ಕದಲ್ಲಿ ಡೈಯುರಾನ್ ಬೇಕಾದರೆ, ಶೈವಲವನ್ನು ನಿಲ್ಲಿಸಲು ಮೈಕ್ರೋಗ್ರಾಂಗಳ ಲೆಕ್ಕ ಸಾಕು. ಮೀನು ಈಜುತ್ತಲೇ ಇರುತ್ತದೆ, ಅದರ ಆಹಾರದ ಬುಡ ಮಾತ್ರ ಕತ್ತರಿಸಿಹೋಗಿರುತ್ತದೆ.

ಇದು ನಮಗೆ ದೂರದ ವಿಷಯವಲ್ಲ. ನಮ್ಮ ದೇಶದ 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯಲ್ಲಿ ಕಾರ್ಖಾನೆಗಳ ತ್ಯಾಜ್ಯಜಲಕ್ಕೆ ಸಾಮಾನ್ಯವಾದ ಮಿತಿಗಳನ್ನು ಹೇಳಿದೆ. ಅಲ್ಲಿ ಜೀವಿಯ ಮೂಲಕ ನಡೆಸುವ ಪರೀಕ್ಷೆಯೆಂದರೆ, ಬೆರಕೆಯಿಲ್ಲದ ತ್ಯಾಜ್ಯಜಲದಲ್ಲಿ 96 ಗಂಟೆಗಳ ನಂತರ ನೂರಕ್ಕೆ ತೊಂಬತ್ತು ಮೀನುಗಳು ಬದುಕಿರಬೇಕು ಎಂಬುದು. ಈ ಸಾಮಾನ್ಯ ಮಿತಿಗಳಲ್ಲಿ ಶೈವಲದ ಪ್ರಸ್ತಾಪವಿಲ್ಲ. ಡೈಯುರಾನಿನಂತಹ ಪದಾರ್ಥವನ್ನು ಹೊತ್ತ ನೀರು ಈ ಮೀನಿನ ಪರೀಕ್ಷೆಯನ್ನು ನಿರಾತಂಕವಾಗಿ ದಾಟಬಲ್ಲದೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

ಹೊಸ ರಾಸಾಯನಿಕಗಳ ವಿಷಯದಲ್ಲಿ ಪರಿಸ್ಥಿತಿ ಬೇರೆ. ಯೂರೋಪಿನಲ್ಲಿ 2007ರಿಂದ ಜಾರಿಯಲ್ಲಿರುವ ರಾಸಾಯನಿಕ ನಿಬಂಧನೆಯಂತೆ, ವರ್ಷಕ್ಕೆ ಒಂದು ಟನ್ನು ಅಥವಾ ಹೆಚ್ಚು ತಯಾರಾಗುವ ಪದಾರ್ಥಗಳಿಗೂ ಸಾಮಾನ್ಯವಾಗಿ ಶೈವಲದ ಪರೀಕ್ಷೆ ಬೇಕು. ಪರೀಕ್ಷಾಫಲಗಳ ಪರಸ್ಪರ ಅಂಗೀಕಾರದ ಒಪ್ಪಂದವನ್ನು ಭಾರತವು 2011ರಲ್ಲಿ ಪೂರ್ಣವಾಗಿ ಸೇರಿದುದರಿಂದ ಇಂತಹ ಪರೀಕ್ಷೆಗಳು ಬೆಂಗಳೂರಿನಲ್ಲಿಯೂ ನಡೆಯುತ್ತವೆ. ಸೂತ್ರವು ಹೆಸರಿಸುವ ಜಾತಿಗಳಲ್ಲಿ ರಾಫಿಡೋಸೆಲಿಸ್ ಅಲ್ಲದೆ ಡೆಸ್ಮೋಡೆಸ್ಮಸ್, ನ್ಯಾವಿಕ್ಯುಲಾ ಎಂಬ ಡಯಾಟಮ್, ಅನಬೀನಾ, ಸಿನೆಕೋಕಾಕಸ್ ಎಂಬ ನೀಲಹಸಿರು ಜೀವಿಗಳು ಇವೆ. ಹೆಚ್ಚಾಗಿ ಬಳಕೆಯಾಗುವುದು ಆ ನಾರ್ವೆಯ ನದಿಯ ಸಂತತಿಯೇ. ಅದನ್ನು ಬೆಳೆಸುವ ಕೋಣೆಯ ಉಷ್ಣತೆ 24 ಡಿಗ್ರಿಯನ್ನು ಮೀರುವಂತಿಲ್ಲ. ನಮ್ಮ ಬಯಲುಸೀಮೆಯ ಕೆರೆಗಳ ಮೇಲ್ನೀರು ಚೈತ್ರ ವೈಶಾಖಗಳಲ್ಲಿ ಅದನ್ನು ಸುಲಭವಾಗಿ ಮೀರುತ್ತದೆ, ಮತ್ತು ಆ ನೀರಿನಲ್ಲಿ ಬೆಳೆಯುವ ಶೈವಲಗಳು ಬೇರೆ. ಅವುಗಳನ್ನು ಪ್ರತ್ಯೇಕಿಸಿ, ಇದೇ ಸೂತ್ರದಂತೆ, ಆದರೆ ನಮ್ಮ ನೀರಿನ ಉಷ್ಣತೆಯಲ್ಲಿ ಪರೀಕ್ಷಿಸುವ ಕೆಲಸಕ್ಕೆ ಸೂಕ್ಷ್ಮದರ್ಶಕ, ಎಣಿಕೆಯ ಗಾಜು, ದೀಪಗಳು, ಕುಲುಕುವ ಯಂತ್ರ ಇಷ್ಟಿದ್ದರೆ ಪ್ರಾರಂಭ ಮಾಡಬಹುದು. ಇವು ಅನೇಕ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಈಗಾಗಲೇ ಇವೆ.